ಎಲ್ಮೀರತ್ತೆಗೆ ಅರ್ಪಿಸಿದ ಹಮ್ಮಿಣಿ

ಮಾನ್ಯ ಅಧ್ಯಕ್ಷರೂ ನಮ್ಮೂರ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥರೂ ಆದ ಶ್ರೀ ದೂರ್ಲಿ ಶೆರಾಮಿಯವರೇ, ವೇದಿಕೆಯ ಮೇಲಿರುವ ಪೂಜ್ಯ ಫಾದರ್ ತ್ವಾನ್ ಅವರೇ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುವ ತಾಯಂದಿರೇ, ಮತ್ತು ಒಂದಲ್ಲ ಒಂದು ಕಾಲದಲ್ಲಿ ನನ್ನ ಶಾಲಾ ಬಸ್ಸಿನಲ್ಲಿ ಕೂತು ನನ್ನಿಂದ ಬೈಸಿಕೊಂಡಿರುವ ಸಮಸ್ತ ಸಭಿಕರೇ,

ದೂರ್ಲಿಯನ್ನು ‘ಅವರೇ’ ಎಂದು ಕರೆಯುವಾಗ ನನಗೆ ಒಳಗೊಳಗೇ ನಗು. ಎರಡನೇ ಕ್ಲಾಸಿನಲ್ಲಿದ್ದಾಗ ಈ ಮಹಾಶಯರು ಒಂದು ಬಕೆಟ್ ಜೀವಂತ ಏಡಿಗಳನ್ನು ಬಸ್ಸಿಗೆ ತಂದಿದ್ದರು. ಸೇತುವೆಯ ಮೇಲೆ ನಾನು ಬ್ರೇಕ್ ಹಾಕಿದೆ, ಬಕೆಟ್ ಉರುಳಿತು, ಹುಡುಗಿಯರೆಲ್ಲ ಸೀಟಿನ ಮೇಲೆ ಹತ್ತಿ ನಿಂತರು. ಈಗ ಊರಿನ ಬೆಂಕಿ ಆರಿಸುವ ಜವಾಬ್ದಾರಿ ಅವರದು. ಎರಡನೇ ಸಾಲಿನಲ್ಲಿ ಟೈ ಕಟ್ಟಿಕೊಂಡು ಕೂತಿರುವ ನಮ್ಮ ಬ್ಯಾಂಕ್ ಮ್ಯಾನೇಜರ್ ಕ್ಲೈಡ್ ಗ್ಯಾಲಿಯಾನೋ ಅವರಿಗೆ ಬಸ್ಸು ಹತ್ತಿದರೆ ವಾಂತಿ ಬರುತ್ತಿತ್ತು. ಮುಂದಿನ ಸೀಟನ್ನು ಅವರಿಗೆಂದೇ ಬಿಡಿಸಿಟ್ಟಿದ್ದೆ. ದೊಡ್ಡವರಾಗಿದ್ದೀರಿ, ಚೆನ್ನಾಗಿದ್ದೀರಿ, ನೋಡಿ ಕಣ್ಣು ತುಂಬುತ್ತದೆ.

ಬೆಳಿಗ್ಗೆಯಿಂದ ನೀವೆಲ್ಲ ನಿಮ್ಮ ನಿಮ್ಮ ಹಿರಿಯರ ಸಮಾಧಿಗಳಿಗೆ ಸುಣ್ಣ ಬಳಿದು ದಣಿದಿದ್ದೀರಿ. ನಾಳೆ ಸಕಲ ಸಂತರ ಹಬ್ಬ, ಫಾದರ್ ಬಂದು ಪವಿತ್ರ ಜಲ ಚಿಮುಕಿಸಬೇಕು. ಇಷ್ಟು ಕೆಲಸದ ನಡುವೆ ಈ ಮುದುಕಿಗೊಂದು ಸನ್ಮಾನ ಮಾಡಬೇಕೆಂದು ನಿಮಗೆ ಯಾರು ಹೇಳಿಕೊಟ್ಟರು? ಹಳೆಯ ಬಸ್ಸಿನ ಸ್ಟೀರಿಂಗ್ ಚಕ್ರವನ್ನು ಗುಜರಿಯಿಂದ ಹುಡುಕಿ ತಂದು, ತಿಕ್ಕಿ ಹೊಳೆಯಿಸಿ, ಹಲಗೆಗೆ ಹೊಡೆಸಿ ನನ್ನ ತೊಡೆಯ ಮೇಲೆ ಇಟ್ಟಿದ್ದೀರಿ. ಒಳಗೆ ಗಂಬೋ ಸಾರು ಕುದಿಯುತ್ತಿದೆ, ಸಿಗಡಿಯ ಪರಿಮಳ ಬರುತ್ತಿದೆ. ನನ್ನಂಥವಳಿಗೆ ಇದಕ್ಕಿಂತ ಏನು ಬೇಕು? ಏನೂ ಬೇಡ. ದಯವಿಟ್ಟು ಆ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಏನೂ ಬೇಡ.

ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಸ್ವಾಗತ ಭಾಷಣದಲ್ಲಿ ದೂರ್ಲಿ ಒಂದು ಮಾತು ಆಡಿದ. ‘ಕೊನೆಯಲ್ಲಿ ಎಲ್ಮೀರತ್ತೆಗೆ ಇನ್ನೊಂದು ಆಶ್ಚರ್ಯ ಕಾದಿದೆ’ ಎಂದ. ನೀವೆಲ್ಲ ಚಪ್ಪಾಳೆ ಹೊಡೆದಿರಿ. ಆ ಆಶ್ಚರ್ಯ ಏನೆಂದು ನನಗೆ ಆಗಲೇ ಗೊತ್ತಿತ್ತು. ಅದಕ್ಕೂ ಮೊದಲು ಶೌಚಾಲಯದಲ್ಲಿ ವರ್ನಾ ನನ್ನ ಕಿವಿಯಲ್ಲಿ ಹೇಳಿದ್ದಳು, “ಅತ್ತೇ, ದುಡ್ಡು ಕೊಡ್ತಾರಂತೆ. ಒಂಬತ್ತು ಸಾವಿರ ಡಾಲರ್ ಸೇರಿದ್ಯಂತೆ. ನಂಗೆ ಈಗ್ಲೇ ಗೊತ್ತಾಗಿದ್ದು. ಏನ್ ಮಾಡೋಣ?”

ವರ್ನಾ ಬಿಲಿಯೊ ನಿಮಗೆಲ್ಲ ಗೊತ್ತು. ನನ್ನ ಗಾಲಿಕುರ್ಚಿಯ ಹಿಂದೆ ನಿಂತಿದ್ದಾಳೆ. ಸಕ್ಕರೆ ಕಾಯಿಲೆ ನನ್ನ ಒಂದು ಕಾಲನ್ನು ಮಂಡಿಯ ಮೇಲಿನವರೆಗೆ ತಿಂದ ಮೇಲೆ ದಿನಾ ಬೆಳಿಗ್ಗೆ ಬರುತ್ತಾಳೆ. ಹಾಸಿಗೆಯಿಂದ ಎಬ್ಬಿಸುತ್ತಾಳೆ, ಸ್ನಾನ ಮಾಡಿಸುತ್ತಾಳೆ, ಕತ್ತರಿಸಿದ ಜಾಗಕ್ಕೆ ಮುಲಾಮು ಹಚ್ಚುತ್ತಾಳೆ, ಸೂಜಿ ಚುಚ್ಚಿ ಸಕ್ಕರೆ ನೋಡುತ್ತಾಳೆ. ಸಂಜೆ ಮತ್ತೆ ಬಂದು ಮಲಗಿಸಿ ಹೋಗುತ್ತಾಳೆ. ಅವಳ ಸಂಬಳ ಯಾರು ಕೊಡುತ್ತಾರೆ ಎಂದು ನಿಮ್ಮಲ್ಲಿ ಯಾರಾದರೂ ಯೋಚಿಸಿದ್ದೀರಾ? ಸರ್ಕಾರ ಕೊಡುತ್ತದೆ. ಬಡವರ ಆಸ್ಪತ್ರೆ ಖರ್ಚಿಗೂ ಆರೈಕೆಗೂ ಇರುವ ಮೆಡಿಕೇಡ್ ಕಾರ್ಡು ಕೊಡುತ್ತದೆ. ಆ ಕಾರ್ಡಿನ ಮೇಲೆ ಮನೆಗೇ ಬಂದು ನೋಡಿಕೊಳ್ಳುವವರು ಬೇಕೆಂದರೆ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ನಾನು ಕಾದೆ. ಕಾದ ಸಮಯದಲ್ಲಿ ಎಲ್ಲಿದ್ದೆ ಎಂದು ನಿಮಗೆ ಗೊತ್ತು. ಹೆದ್ದಾರಿಯ ಆಚೆಗಿನ ಆ ವೃದ್ಧರ ಆರೈಕೆ ಮನೆಯಲ್ಲಿದ್ದೆ.

ಆ ಮನೆಯವರನ್ನು ನಾನು ದೂರುವುದಿಲ್ಲ. ಅಲ್ಲಿನ ಹುಡುಗಿಯರು ಒಳ್ಳೆಯವರು, ಒಬ್ಬೊಬ್ಬಳ ಕೈಗೆ ಹತ್ತಾರು ಜನ. ನಾನು ಗಂಟೆ ಒತ್ತುತ್ತಿದ್ದೆ, ‘ಬಂದೆ ಮಿಸ್ ಎಲ್ಮೀರ್’ ಅನ್ನುತ್ತಿದ್ದರು, ಬರುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿರುತ್ತಿತ್ತು. ಒದ್ದೆಯಲ್ಲಿ ಮಲಗಿ, ಪಕ್ಕದ ಹಾಸಿಗೆಯವಳ ಟಿವಿಯಲ್ಲಿ ಯಾವನೋ ಅಪರಿಚಿತ ಬಾಣಲೆ ಮಾರುವುದನ್ನು ನೋಡುತ್ತಿದ್ದೆ. ಇಡೀ ಊರಿನ ಮಕ್ಕಳನ್ನು ಬಸ್ಸಿನಲ್ಲಿ ಹೊತ್ತವಳು ನಾನು. ಅಲ್ಲಿ ಯಾವಾಗ ಉಚ್ಚೆ ಹೊಯ್ಯಬೇಕೆಂಬುದೂ ನನ್ನ ಕೈಯಲ್ಲಿರಲಿಲ್ಲ. ಕ್ಷಮಿಸಿ ಫಾದರ್, ಇಂಥ ಮಾತು ಸಭೆಯಲ್ಲಿ ಆಡಬಾರದು. ಆದರೆ ನನಗೆ ಭಯವಾಗಿದೆ, ಭಯವಾದವರ ಮಾತಿಗೆ ಲಗಾಮು ಇರುವುದಿಲ್ಲ. ಮತ್ತೆ ಅಲ್ಲಿಗೆ ಹೋಗುವುದೆಂದರೆ ನನಗೆ ಸಾವಿಗಿಂತ ಭಯ.

ಈ ಕಾರ್ಡಿಗೊಂದು ಗೆರೆ ಇದೆ. ಎರಡು ಸಾವಿರ ಡಾಲರ್. ತಿಂಗಳ ಒಂದನೇ ತಾರೀಖು ಹುಟ್ಟುವ ಕ್ಷಣದಲ್ಲಿ ನನ್ನ ಹೆಸರಿನಲ್ಲಿ ಅದಕ್ಕಿಂತ ಒಂದು ಕಾಸು ಹೆಚ್ಚಿದ್ದರೂ ನಾನು ಬಡವಳಲ್ಲ. ಬಡವಳಲ್ಲದಿದ್ದರೆ ಕಾರ್ಡಿಲ್ಲ, ಕಾರ್ಡಿಲ್ಲದಿದ್ದರೆ ವರ್ನಾ ಇಲ್ಲ. ಮತ್ತೆ ಸೇರಬೇಕೆಂದರೆ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕು. ನಿಲ್ಲಲು ನನಗೆ ಕಾಲೂ ಇಲ್ಲ, ಕಾಲವೂ ಇಲ್ಲ.

ನಗಬೇಡಿ. ಸರಿ, ನಗಿ. ಈ ಗೆರೆಯ ಭಯದಲ್ಲಿ ನಾನು ಮಾಡಿರುವುದನ್ನು ಕೇಳಿದರೆ ಇನ್ನೂ ನಗುತ್ತೀರಿ. ಹೋದ ಕ್ರಿಸ್ಮಸ್‌ಗೆ ಇದೇ ಸಭಾಂಗಣದ ಲಾಟರಿಯಲ್ಲಿ ನನಗೊಂದು ಹಂದಿ ತೊಡೆ ಬಂತು. ನಾನು ಅದನ್ನು ಮುಟ್ಟುವ ಮೊದಲು ಕಾರ್ಡಿನ ಕಚೇರಿಗೆ ಫೋನು ಮಾಡಿದೆ. “ತಾಯಿ, ಹಂದಿ ತೊಡೆ ಆಸ್ತಿ ಲೆಕ್ಕಕ್ಕೆ ಬರುತ್ತಾ?” ಎಂದು ಕೇಳಿದೆ. ಅಲ್ಲಿನ ಹೆಣ್ಣುಮಗಳು ಎರಡು ಸಲ ನನ್ನ ಹೆಸರು ಕೇಳಿದಳು. ಆಮೇಲೆ, “ಮಿಸ್ ಎಲ್ಮೀರ್, ತಿಂದ್ಬಿಡಿ” ಅಂದಳು. ತಿಂದೆ, ಒಂದನೇ ತಾರೀಖಿನೊಳಗೆ ಮುಗಿಸಿದೆ. ದುಡ್ಡು ಗೆದ್ದುಬಿಟ್ಟೇನೆಂದು ಬಿಂಗೋ ಆಡುವುದನ್ನು ಬಿಟ್ಟೆ. ನನ್ನ ತಂಗಿಯ ಮಗ ನನ್ನ ಹೆಸರಿಗೆ ಏನೋ ಬರೆದಿಡುತ್ತೇನೆ ಎಂದಾಗ, “ನನ್ನ ಹೆಸರು ಎತ್ತಿದ್ರೆ ಜೋಕೆ” ಎಂದು ಜಗಳವಾಡಿದೆ. ಅವನು ಈಗಲೂ ಮಾತು ಬಿಟ್ಟಿದ್ದಾನೆ.

ನಾಲ್ಕನೇ ಸಾಲಿನಲ್ಲಿ ಕೂತಿರುವ ವಿಟ್ನಿ, ನಿನಗೂ ಒಂದು ಮಾತು ಹೇಳಿಬಿಡುತ್ತೇನೆ, ಇಷ್ಟು ಹೇಳಿದ ಮೇಲೆ ಇನ್ನೇನು. ನೀನು ನನ್ನ ಜಗಲಿಯಲ್ಲಿ ಕೂತು, ಟೋಪಿ ತಿರುಗಿಸುತ್ತಾ, “ನೋಡು ಎಲ್ಮೀರ್, ನೀನೂ ಒಬ್ಳೇ, ನಾನೂ ಒಬ್ನೇ” ಅಂದೆಯಲ್ಲ. ನಾನು, “ನಿನ್ನ ನಾಯಿ ನಂಗಾಗಲ್ಲ” ಅಂದೆ. ನಾಯಿ ಪಾಪದ್ದು. ನೀನು ಹೋದ ಮೇಲೆ ಆ ಮಾತನ್ನು ನೆನೆಸಿಕೊಂಡು ಅತ್ತಿದ್ದೇನೆ. ನಿನ್ನ ಹೆಸರಿನಲ್ಲಿ ಸಿಗಡಿ ದೋಣಿ ಇದೆ, ಬಲೆ ಇದೆ, ಬ್ಯಾಂಕಿನಲ್ಲಿ ಅಷ್ಟೋ ಇಷ್ಟೋ ಇದೆ. ಮದುವೆಯಾದರೆ ಅದೂ ನನ್ನ ಲೆಕ್ಕಕ್ಕೆ ಸೇರುತ್ತದೇನೋ ಎಂದು ಹೆದರಿದೆ. ಸೇರುತ್ತದೋ ಇಲ್ಲವೋ ಎಂದು ಕಚೇರಿಯಲ್ಲಿ ಕೇಳಲೂ ಹೆದರಿದೆ. ಕೇಳಿದರೆ ನನಗೆ ಮದುವೆಯ ಯೋಚನೆ ಇದೆಯೆಂದು ಬರೆದುಕೊಂಡರೆ? ಹೀಗೆ ಬದುಕಿದ್ದೇನೆ ನಾನು. ಇದನ್ನು ಹೇಳಬೇಕೆಂದು ಇಲ್ಲಿಗೆ ಬರಲಿಲ್ಲ. ವಿಟ್ನಿ, ಎದ್ದು ಹೋಗಬೇಡ, ಕೂತುಕೋ. ಊಟ ಮಾಡಿಕೊಂಡು ಹೋಗು.

ಇರಲಿ, ವಿಷಯಕ್ಕೆ ಬರುತ್ತೇನೆ. ನೀವು ಕೇಳಬಹುದು, ಇಷ್ಟೊಂದು ಹೆದರಿಕೆ ಯಾಕೆ, ಪ್ರೀತಿಯಿಂದ ಕೊಟ್ಟ ದುಡ್ಡಿನಿಂದ ಯಾರಿಗಾದರೂ ಕೇಡಾಗಿದೆಯೇ ಎಂದು. ಆಗಿದೆ. ಇದೇ ಸಭಾಂಗಣದಲ್ಲಿ ಆಗಿದೆ. ಅಲ್ಸೀದ್‌ನನ್ನು ನೆನೆಸಿಕೊಳ್ಳಿ. ಅವನ ಹೃದಯ ಕೈಕೊಟ್ಟಾಗ ನಾವೆಲ್ಲ ಹೆದ್ದಾರಿಯ ಪಕ್ಕದಲ್ಲಿ ಮೀನು ಕರಿದು ಪೊಟ್ಟಣ ಮಾರಿದೆವು. ಒಂದು ಬಂದೂಕನ್ನು ಲಾಟರಿಗಿಟ್ಟೆವು. ಈ ವೇದಿಕೆಯ ಮೇಲೆ ಅವನನ್ನು ಕೂರಿಸಿ ಹಮ್ಮಿಣಿ ಅರ್ಪಿಸಿದೆವು. ಅವನು ಮಗುವಿನಂತೆ ಅತ್ತ. ಮುಂದಿನ ತಿಂಗಳು ಅವನ ಕಾರ್ಡು ನಿಂತುಹೋಯಿತು. ನೀವು ಕೊಟ್ಟ ದುಡ್ಡು ಗೆರೆ ದಾಟಿಸಿತು, ಆದರೆ ಆಸ್ಪತ್ರೆಯವರು ಒಂದು ವಾರಕ್ಕೆ ಕೇಳುವುದಕ್ಕೂ ಅದು ಸಾಲುತ್ತಿರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ನೀವು, “ಹೇಗಿದ್ದೀಯೋ ಅಲ್ಸೀದ್, ನಮ್ಮ ದುಡ್ಡು ಉಪಯೋಗಕ್ಕೆ ಬಂತಾ?” ಎಂದು ಕೇಳಿದಾಗ, “ಬಂತು ಕಣಪ್ಪಾ, ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ” ಅನ್ನುತ್ತಿದ್ದ. ಮನೆಗೆ ಹೋಗಿ ಮಾತ್ರೆಯನ್ನು ಚಾಕುವಿನಿಂದ ಅರ್ಧ ಮಾಡಿ ನುಂಗುತ್ತಿದ್ದ. ಕಾರ್ಡು ಮರಳಿ ಬರುವ ಮೊದಲೇ ಹೋದ. ಅವನ ಹೆಂಡತಿ ನನ್ನ ಕೈ ಹಿಡಿದು, “ಯಾರಿಗೂ ಹೇಳ್ಬೇಡ ಎಲ್ಮೀರ್. ಪಾಪ, ಎಷ್ಟು ಆಸೆಯಿಂದ ಮಾಡಿದ್ರು. ಗೊತ್ತಾದ್ರೆ ನೊಂದ್ಕೋತಾರೆ” ಅಂದಳು. ಅವಳೂ ಈಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ನೀವೆಲ್ಲ, ಇನ್ನಷ್ಟು ದುಡ್ಡು ಸೇರಿಸಿದ್ದರೆ ಅವನು ಉಳಿಯುತ್ತಿದ್ದ ಎಂದುಕೊಂಡಿದ್ದೀರಿ. ಇವತ್ತು ಮಧ್ಯಾಹ್ನ ಅವನ ಸಮಾಧಿಗೂ ಯಾರೋ ಸುಣ್ಣ ಬಳಿದು ಬಂದಿದ್ದೀರಿ.

ನಿಮ್ಮ ಮೇಲೆ ತಪ್ಪು ಹೊರಿಸುತ್ತಿದ್ದೇನೆಯೇ? ಇಲ್ಲ. ನಮ್ಮ ಕಡೆಯವರಿಗೆ ಬೇರೆ ದಾರಿ ಗೊತ್ತಿಲ್ಲ. ಬಿರುಗಾಳಿ ಬಂದು ಚಾವಣಿ ಹಾರಿದರೆ ಮೀನು ಕರಿಯುತ್ತೇವೆ, ಮಗುವಿಗೆ ಜ್ವರ ಬಂದರೆ ಮೀನು ಕರಿಯುತ್ತೇವೆ. ಆದರೆ ನನಗೆ ಬೇಡ. ದೂರ್ಲಿ, ನಿನ್ನ ಜೇಬಿನಲ್ಲಿರುವ ಚೆಕ್ಕನ್ನು ಹೊರಗೆ ತೆಗೆಯಬೇಡ. ನನ್ನ ಹೆಸರನ್ನು ಬರೆದಿದ್ದರೆ ಹರಿದುಹಾಕು. ನಿಮ್ಮ ದಳಕ್ಕೆ ಹೊಸ ನೀರಿನ ಕೊಳವೆ ತರಿಸಿ, ಚರ್ಚಿನ ಸೋರುವ ಚಾವಣಿ ಮುಚ್ಚಿಸಿ, ಏನು ಬೇಕಾದರೂ ಮಾಡಿ. ಕೈಗೆ ಬಾರದ್ದನ್ನು ನಾನು ಕಳೆದುಕೊಳ್ಳಲೂ ಆಗುವುದಿಲ್ಲ, ಲೆಕ್ಕ ಕೊಡಬೇಕಾಗಿಯೂ ಇಲ್ಲ. ಅಷ್ಟೇ ನನ್ನ ವಿನಂತಿ. ಅಷ್ಟು ಮಾಡಿದರೆ ಇದು ನನ್ನ ಜೀವನದ ಅತ್ಯಂತ ಸಂತೋಷದ ಸಂಜೆ.

ಯಾಕೋ ದೂರ್ಲಿ, ನೆಲ ನೋಡ್ತಿದ್ದೀಯಾ?

ಏಡಿ ಉರುಳಿಸಿದ ದಿನವೂ ಹೀಗೇ ನೆಲ ನೋಡಿದ್ದೆ. ಕ್ಲೈಡ್, ನೀನ್ಯಾಕೆ ಟೈ ಸಡಿಲ ಮಾಡ್ಕೋತಿದ್ದೀಯಾ? ಎದ್ದು ನಿಂತು ಹೇಳು. ಗಟ್ಟಿಯಾಗಿ ಹೇಳು, ನನ್ನ ಕಿವಿಯೂ ಹಳೇದು.

ಏನು?

ಸಭಿಕರೇ, ಹಿಂದೆ ಕೂತವರಿಗೆ ಕೇಳಿಸಿರಲಿಕ್ಕಿಲ್ಲ. ಕ್ಲೈಡ್ ಹೇಳುತ್ತಿರುವುದೇನೆಂದರೆ, ಚೆಕ್ಕು ಎಂಬುದು ಇಲ್ಲವೇ ಇಲ್ಲವಂತೆ. ಪರದೆಯ ಹಿಂದೆ ಇರುವುದು ಬರಿಯ ರಟ್ಟಿನ ಹಲಗೆಯಂತೆ, ಫೋಟೋ ತೆಗೆಸಿಕೊಳ್ಳಲು. ದುಡ್ಡನ್ನು ನಿನ್ನೆ ಮಧ್ಯಾಹ್ನವೇ ನನ್ನ ಖಾತೆಗೆ ಹಾಕಿಯಾಗಿದೆಯಂತೆ. ಗಾಲಿಕುರ್ಚಿಯಲ್ಲಿ ಬ್ಯಾಂಕಿನವರೆಗೆ ಬರುವ ಕಷ್ಟ ಅತ್ತೆಗೆ ಯಾಕೆಂದು ಹಾಕಿದರಂತೆ. ಖಾತೆ ಸಂಖ್ಯೆ ಕೇಳಬೇಕಾಗಿಯೂ ಬರಲಿಲ್ಲ, ಈ ಊರಿನಲ್ಲಿ ಎಲ್ಲರ ಖಾತೆಯೂ ಕ್ಲೈಡ್‌ಗೆ ಬಾಯಿಪಾಠ. ಎಷ್ಟು ಒಳ್ಳೆಯ ಮನಸ್ಸು. ನಾನು ನಿನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದಕ್ಕೆ ಎಷ್ಟು ಒಳ್ಳೆಯ ಋಣ ತೀರಿಸಿದೆಯಪ್ಪಾ.

ಒಂದು ನಿಮಿಷ. ವರ್ನಾ, ನೀರು ಕೊಡು.

ನಾಳೆ ಒಂದನೇ ತಾರೀಖು. ಇವತ್ತು ಶನಿವಾರ. ಬ್ಯಾಂಕು ಮುಚ್ಚಿದೆ. ಕ್ಲೈಡ್, ನೀನು ತಲೆಯಾಡಿಸುವುದು ಬೇಡ, ನನಗೆ ಗೊತ್ತು, ಸೋಮವಾರದವರೆಗೆ ನಿನ್ನ ಕೈಯಲ್ಲೇನೂ ಇಲ್ಲ. ದೂರ್ಲಿ, ‘ವಾಪಸ್ ಕೊಟ್ಟುಬಿಡಿ ಅತ್ತೇ’ ಅಂತ ನೀನು ಹೇಳುತ್ತಿರುವುದು ಕೇಳಿಸಿತು. ಕೊಡುವಂತಿಲ್ಲ. ಬಂದ ದುಡ್ಡನ್ನು ದಾನ ಮಾಡಿದರೂ ಕಚೇರಿಯವರು ಕೇಳುತ್ತಾರೆ. ಮುದುಕಿ ಬಡವಳಂತೆ ನಟಿಸಲು ದುಡ್ಡನ್ನು ದಾಟಿಸಿದಳು ಎಂದು ಬರೆದುಕೊಳ್ಳುತ್ತಾರೆ. ಇಟ್ಟುಕೊಂಡರೂ ಕಾರ್ಡು ಹೋಗುತ್ತದೆ, ಕೊಟ್ಟರೂ ಹೋಗುತ್ತದೆ. ಸೇತುವೆಯ ಮೇಲೆ ಬಸ್ಸಿನ ಬ್ರೇಕು ಹಿಡಿಯದಿದ್ದ ಒಂದು ಬೆಳಿಗ್ಗೆ ಕೂಡ ನಾನು ಇಷ್ಟು ಹೆದರಿರಲಿಲ್ಲ. ಅವತ್ತು ನನ್ನ ಕೈಯಲ್ಲಿ ಚಕ್ರವಾದರೂ ಇತ್ತು. ಇದೋ, ಇವತ್ತೂ ಇದೆ, ಹಲಗೆಗೆ ಮೊಳೆ ಹೊಡೆದಿದ್ದೀರಿ.

ಯಾರೂ ಅಳಬೇಡಿ. ನನಗೆ ಯೋಚಿಸಲು ಬಿಡಿ.

ಕಚೇರಿಯ ಆ ಹೆಣ್ಣುಮಗಳು ಒಮ್ಮೆ ನನಗೆ ಹೇಳಿದ್ದಳು. “ಮಿಸ್ ಎಲ್ಮೀರ್, ಅಕಸ್ಮಾತ್ ಕೈಗೆ ದುಡ್ಡು ಬಂದ್ರೆ ತಿಂಗಳು ಮುಗಿಯೋದ್ರೊಳಗೆ ನಿಮಗೋಸ್ಕರಾನೇ ಖರ್ಚು ಮಾಡ್ಬಿಡಿ. ಚಾವಣಿ ರಿಪೇರಿ ಮಾಡ್ಸಿ, ಹಲ್ಲು ಕಟ್ಸಿ. ಇಲ್ಲಾಂದ್ರೆ ನಿಮ್ಮನ್ನ ಮಣ್ಣು ಮಾಡೋ ಖರ್ಚನ್ನ ಮುಂಚಿತವಾಗಿ ಕಟ್ಬಿಡಿ. ವಾಪಸ್ ತಗೊಳ್ಳೋಕಾಗ್ದೇ ಇರೋ ಹಾಗೆ ಕಟ್ಟಿದ್ರೆ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ.” ಅವತ್ತು ನಾನು, “ಅಪಶಕುನ ನುಡೀಬೇಡ ತಾಯಿ” ಎಂದು ಫೋನು ಇಟ್ಟಿದ್ದೆ. ಈ ಹೊತ್ತಿನಲ್ಲಿ ಯಾರು ಚಾವಣಿ ಮಾಡಿಕೊಡುತ್ತಾರೆ, ಯಾರು ಹಲ್ಲು ಕಟ್ಟುತ್ತಾರೆ? ಆದರೆ ಶವಸಂಸ್ಕಾರದ ಅಂಗಡಿಯವನು ಇಲ್ಲೇ ಇದ್ದಾನೆ. ಕಾಫಿ ಪಾತ್ರೆಯ ಪಕ್ಕ, ಕಪ್ಪು ಕೋಟು. ಲಿಯೋನ್ಸ್ ಫಾಲ್ಗೂ, ಕೈಯಲ್ಲಿರೋ ಬಟ್ಟಲು ಕೆಳಗಿಟ್ಟು ಮುಂದೆ ಬಾ.

ಬಾರಪ್ಪಾ, ನಾಚಿಕೆ ಬೇಡ. ನಿನ್ನ ಅಂಗಡಿಯ ಮುಂದೆ ಕುರ್ಚಿ ತಳ್ಳಿಸಿಕೊಂಡು ಹೋಗುವಾಗ ನಾನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ, ನೀನು ನೋಡಿದ್ದೀಯ, ಗೊತ್ತು. ವರ್ನಾಳಿಗೆ ಬೇರೆ ಬೀದಿಯಿಂದ ಹೋಗೋಣ ಅನ್ನುತ್ತೇನೆ. ನಿನ್ನ ಒಪ್ಪಂದದ ಕಾಗದ ಕಾರಿನಲ್ಲಿದೆಯಾ? ಇದೆ. ಇರುತ್ತದೆ, ನಿನ್ನ ಅಪ್ಪನೂ ಹಾಗೇ, ಮದುವೆಮನೆಗೂ ತರುತ್ತಿದ್ದ. ಯಾರಾದರೂ ಓಡಿಹೋಗಿ ತನ್ನಿ. ನನ್ನ ಚೆಕ್ ಪುಸ್ತಕ ಚೀಲದಲ್ಲೇ ಇದೆ.

ಲಿಯೋನ್ಸ್, ನನಗೆ ಮರದ ಸಾದಾ ಪೆಟ್ಟಿಗೆ ಸಾಕು ಅಂದುಕೊಂಡಿದ್ದೆ, ಎಂದಾದರೂ ಅಂದುಕೊಂಡಿದ್ದರೆ. ಅದು ಆಗುವುದಿಲ್ಲ. ಸಾದಾ ಪೆಟ್ಟಿಗೆ ತಗೊಂಡರೆ ದುಡ್ಡು ಉಳಿಯುತ್ತದೆ. ಉಳಿಯಬಾರದು. ನಿನ್ನಲ್ಲಿರುವ ದುಬಾರಿ ಪೆಟ್ಟಿಗೆ ಯಾವುದು? ಕಂಚಿನದಾ? ಒಳಗೆ ರೇಷ್ಮೆಯಾ? ಆಗಲಿ, ರೇಷ್ಮೆ ಇರಲಿ. ದಿಂಬು ಎಂಥದು? ಅತ್ಯುತ್ತಮವಾದದ್ದು ಹಾಕು. ಹೂವು ಹಾಕು, ಇನ್ನೂ ಹಾಕು. ಗೋರಿಗೆ ಅಮೃತಶಿಲೆ ಹಾಕು. ಒಂಬತ್ತು ಸಾವಿರವೂ ಮುಗಿಯಲಿ. ಮನೆಯಲ್ಲಿ ನಾನು ಮಲಗುವ ಹಾಸಿಗೆ ಮಧ್ಯದಲ್ಲಿ ಕುಸಿದಿದೆ, ಅದನ್ನು ಇದೇ ದುಡ್ಡಲ್ಲಿ ಬದಲಾಯಿಸಬಹುದಿತ್ತು, ಆದರೆ ಹಾಸಿಗೆ ಮಾರುವವರು ಯಾರೂ ಇವತ್ತು ಊಟಕ್ಕೆ ಬಂದಿಲ್ಲ.

ವಾಪಸ್ ಬರುವುದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆ. ಇವತ್ತಿನ ತಾರೀಖು ಹಾಕು. ಸಾಕ್ಷಿಗೆ ಫಾದರ್ ಸಹಿ ಮಾಡುತ್ತಾರೆ. ಮಾಡುತ್ತೀರಲ್ಲ ಫಾದರ್? ನಿಮಗೆ ವಂದನೆ.

ಸಭಿಕರೇ, ಇದರಿಂದ ಕಾರ್ಡು ಉಳಿಯುತ್ತದೆಯೇ? ನನಗೆ ಗೊತ್ತಿಲ್ಲ. ಇವತ್ತು ಬರೆದ ಚೆಕ್ಕನ್ನು ಅವರು ಇವತ್ತಿನದೆಂದು ಒಪ್ಪುತ್ತಾರೋ, ಖಾತೆಯಿಂದ ದುಡ್ಡು ಹೊರಟ ದಿನದ್ದೇ ಲೆಕ್ಕ ಎನ್ನುತ್ತಾರೋ ನನಗೆ ಗೊತ್ತಿಲ್ಲ. ಇಲ್ಲಿ ಇಷ್ಟು ಜನ ಇದ್ದೀರಿ, ಬ್ಯಾಂಕಿನವರಿದ್ದೀರಿ, ಶಾಲೆಯ ಮೇಷ್ಟ್ರುಗಳಿದ್ದೀರಿ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ? ಗೊತ್ತಿದ್ದವರು ಕೈ ಎತ್ತಿ. ಒಂದು ಕೈಯೂ ಇಲ್ಲ. ಸೋಮವಾರ ಕಚೇರಿ ತೆರೆಯುವವರೆಗೆ ನಾನು ಬಡವಳೋ ಅಲ್ಲವೋ ನನಗೇ ತಿಳಿಯುವುದಿಲ್ಲ.

ಕಾಗದ ಬಂತು. ದೂರ್ಲಿ, ಈ ಚಕ್ರವನ್ನು ತೊಡೆಯಿಂದ ಎತ್ತು, ಬರೆಯಲು ಜಾಗ ಬೇಕು. ಇಲ್ಲಿ ಏನೋ ಕೇಳಿದ್ದಾರೆ, ಕನ್ನಡಕ ಮಂಜಾಗಿದೆ. ‘ಮೃತರ ಹೆಸರು.’ ಬರೆಯುತ್ತೇನೆ. ಎಲ್ಮೀರ್ ಪ್ಲೆಸಾನ್ಸ್. ವರ್ನಾ, ಕಾಗದ ಅಲುಗದಂತೆ ಹಿಡಿದುಕೋ. ಹಾಂ, ಹಾಗೆ. ಬರೆದಾಯಿತು, ಚೆಕ್ಕಿಗೂ ಸಹಿ ಹಾಕಿದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ವಂದನೆ. ಮೀನು ಕರಿದವರಿಗೆ, ಪೊಟ್ಟಣ ಕಟ್ಟಿದವರಿಗೆ, ಹೆದ್ದಾರಿಯಲ್ಲಿ ಬಿಸಿಲಿಗೆ ನಿಂತು ಮಾರಿದವರಿಗೆ, ಕೊಂಡವರಿಗೆ, ಎಲ್ಲರಿಗೂ ವಂದನೆ. ನಿಮ್ಮ ಪ್ರೀತಿ ವ್ಯರ್ಥವಾಗಲಿಲ್ಲ, ಯಾರೂ ಹಾಗೆಂದುಕೊಂಡು ಮಲಗಬೇಡಿ. ಒಳಗೆ ಹೋಗಿ ಉಣ್ಣಿ, ಗಂಬೋ ಆರಿದರೆ ಚೆನ್ನಾಗಿರುವುದಿಲ್ಲ. ವರ್ನಾ, ನನ್ನನ್ನು ಈಗ ಮನೆಗೆ ಕರಕೊಂಡು ಹೋಗು. ನಾಳೆ ಬೆಳಿಗ್ಗೆ ಬರ್ತೀಯಲ್ಲ? ಲೆಕ್ಕ ಏನೇ ಆಗ್ಲಿ, ನಾಳೆ ಒಂದು ದಿನ ಬರ್ತೀಯಲ್ಲ?

ಹೂಂ ಎಂದು ತಲೆಯಾಡಿಸಿದಳು. ಎಲ್ಲರಿಗೂ ನಮಸ್ಕಾರ.